ಶುಗರ್ ಇದ್ದವರಿಗೆ ಅರಿಶಿನದ ಮಾತ್ರೆ ಬೇಕೇ?

ಪರ

ಸಕ್ಕರೆ ಕಾಯಿಲೆ ಸದ್ದಿಲ್ಲದೆ ಹಾಳು ಮಾಡುವುದು ಸಣ್ಣ ರಕ್ತನಾಳಗಳನ್ನು. ಕಣ್ಣಿನ ಒಳಪರದೆಯಾದ ರೆಟಿನಾದಲ್ಲಿ, ಕಿಡ್ನಿಯಲ್ಲಿ, ಪಾದದ ನರಗಳ ಸುತ್ತ ಇರುವ, ಕೂದಲಿಗಿಂತ ತೆಳುವಾದ ನಾಳಗಳು ಅವು. ರಕ್ತದಲ್ಲಿ ಸಕ್ಕರೆ ಏರಿದಾಗ ದೇಹದ ಎಷ್ಟೋ ಜೀವಕೋಶಗಳು ಅದನ್ನು ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಈ ನಾಳಗಳ ಒಳಗೋಡೆಯ ಕೋಶಗಳಿಗೆ ಆ ತಡೆ ಇಲ್ಲ. ಸಕ್ಕರೆ ನುಗ್ಗುತ್ತದೆ, ಉರಿಯೂತ ಶುರುವಾಗುತ್ತದೆ, ಗೋಡೆ ಸೋರತೊಡಗುತ್ತದೆ. ಕಿಡ್ನಿಯಲ್ಲಿ ಹೀಗಾದಾಗ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ.

ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಇದನ್ನು ತಡೆಯಬಲ್ಲದೇ ಎಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಪರೀಕ್ಷಿಸಿದ್ದರು. ಸಕ್ಕರೆ ಕಾಯಿಲೆಯ ಇಲಿಗಳಿಗೆ 8 ವಾರ, ಆಹಾರದಲ್ಲಿ ಶೇ 0.5ರಷ್ಟು ಕರ್ಕ್ಯುಮಿನ್ ಬೆರೆಸಿ ಕೊಟ್ಟರು. ಅವುಗಳ ಕಿಡ್ನಿ ಹಾನಿ ಕಡಿಮೆಯಾಯಿತು. ಇದು ಪ್ರಕಟವಾದದ್ದು 1998ರಲ್ಲಿ.

ಕರ್ಕ್ಯುಮಿನ್ ಮೈಗೆ ಹತ್ತುವುದಿಲ್ಲ ಎಂಬ ದೂರು ನಿಜ. ಅದಕ್ಕೂ ದಾರಿ ಸಿಕ್ಕಿತು. ಅದೇ 1998ರಲ್ಲಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ಪೈಪರಿನ್ ಅಂದರೆ ಕಾಳುಮೆಣಸಿನ ಖಾರದ ಅಂಶ. ರಕ್ತಕ್ಕೆ ಸೇರುವ ಪ್ರಮಾಣ ಶೇ 2,000ರಷ್ಟು ಏರಿತು!

ಮನುಷ್ಯರ ಮೇಲೂ ನೋಡಿದ್ದಾರೆ. ಇರಾನಿನ ಶಿರಾಜ್‌ನಲ್ಲಿ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟಿದ್ದ 40 ಜನರ ಮೇಲೆ ನಡೆದ ಅಧ್ಯಯನ 2011ರಲ್ಲಿ ಬಂತು. ಅರಿಶಿನ ತಗೊಂಡವರಿಗೆ ದಿನಕ್ಕೆ ಮೂರು ಸಲ 500 ಮಿಲಿಗ್ರಾಂ, ಎರಡು ತಿಂಗಳು. ಅವರ ಮೂತ್ರದ ಪ್ರೋಟೀನ್ ಇಳಿಯಿತು.

ಗಿಡದ ಮದ್ದು ಎಂದು ಮೂಗು ಮುರಿಯುವವರು ಒಂದು ನೆನಪಿಡಬೇಕು. ಕೋಟ್ಯಂತರ ಜನ ದಿನಾ ನುಂಗುವ ಶುಗರ್ ಮಾತ್ರೆ ಮೆಟ್‌ಫಾರ್ಮಿನ್‌ನ ಮೂಲ ಕೂಡ ಯುರೋಪಿನ ಗ್ಯಾಲೆಗಾ ಎಂಬ ಗಿಡದಲ್ಲಿದೆ.

ವಿರೋಧ

ಮೆಟ್‌ಫಾರ್ಮಿನ್ ಕಥೆಯನ್ನು ಪೂರ್ತಿ ಹೇಳಬೇಕು, ಅಲ್ವಾ? ಗ್ಯಾಲೆಗಾ ಗಿಡದ ಗ್ಯಾಲೆಗೀನ್ ಸಕ್ಕರೆ ಇಳಿಸುತ್ತಿತ್ತು, ಆದರೆ ಅದರಲ್ಲಿ ವಿಷದ ಗುಣ ಜಾಸ್ತಿ ಇತ್ತು. ಅದನ್ನು ಹೋಲುವ ಬೇರೆ ಅಣುಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಅಳೆದು, ಸಾವಿರಾರು ರೋಗಿಗಳ ಮೇಲೆ ನೋಡಿದ ಮೇಲೆಯೇ ಮೆಟ್‌ಫಾರ್ಮಿನ್ ಮದ್ದಾಯಿತು. ಕರ್ಕ್ಯುಮಿನ್ ಆ ದಾರಿ ಇನ್ನೂ ಸವೆಸಿಲ್ಲ.

ಇಲಿಯ ಕಿಡ್ನಿಗೆ ಒಳ್ಳೆಯದಾದದ್ದು ನಮಗೂ ಆಗುತ್ತದೆ ಎಂದು ನಂಬುವುದು ಹೇಗೆ? 40 ಜನ, ಎರಡು ತಿಂಗಳು ಎಂಬುದು ತುಂಬಾ ಸಣ್ಣ ಲೆಕ್ಕ. ಕೆನಡಾದಲ್ಲಿ ಕಿಡ್ನಿ ತೊಂದರೆಯಿದ್ದ 500ಕ್ಕೂ ಹೆಚ್ಚು ಜನರ ಮೇಲೆ, ಚೆನ್ನಾಗಿ ಹೀರಿಕೊಳ್ಳುವಂತೆ ತಯಾರಿಸಿದ ಕರ್ಕ್ಯುಮಿನ್ ಅನ್ನು ಆರು ತಿಂಗಳು ಪರೀಕ್ಷಿಸಿದರು. ಮೂತ್ರದಲ್ಲಿ ಹೋಗುವ ಅಲ್ಬುಮಿನ್ ಎಂಬ ಪ್ರೋಟೀನ್ ಇಳಿಯಲಿಲ್ಲ. ಕಿಡ್ನಿಯ ಶಕ್ತಿ ಕುಂದುವುದನ್ನೂ ಅದು ತಡೆಯಲಿಲ್ಲ.

ಪೈಪರಿನ್ ಬಗ್ಗೆ ನನಗೆ ಭಯವೇ ಇದೆ. ಅದು ಕರ್ಕ್ಯುಮಿನ್ ಒಂದನ್ನೇ ಹಿಡಿದು ಮೇಲೆತ್ತುವುದಿಲ್ಲ. ಬಿಪಿಗೆ ಕೊಡುವ ಪ್ರೊಪ್ರಾನೊಲಾಲ್, ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್‌ನಂಥ ಮದ್ದುಗಳ ಮಟ್ಟವನ್ನೂ ರಕ್ತದಲ್ಲಿ ಏರಿಸುತ್ತದೆ. ಶುಗರ್ ಇರುವವರು ದಿನಕ್ಕೆ ಐದಾರು ಮಾತ್ರೆ ನುಂಗುವವರು. ಯಾವುದರ ಜೊತೆ ಏನಾಗುತ್ತದೋ! ಅಮೆರಿಕದಲ್ಲಿ ಅರಿಶಿನದ ಮಾತ್ರೆಯಿಂದ ಲಿವರ್‌ಗೆ ಪೆಟ್ಟು ಬಿದ್ದ 10 ಜನರ ವರದಿ 2022ರಲ್ಲಿ ಬಂತು. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಅಡುಗೆಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ ಇದು. ಸಾರ ತೆಗೆದು, ಗಟ್ಟಿ ಮಾಡಿ ತುಂಬಿದ ಮಾತ್ರೆಯ ಮಾತು.

1998 ಎಂದರೆ ನನಗೆ ಮೊದಲು ನೆನಪಾಗುವುದು ಸಕ್ಕರೆ ಕಾಯಿಲೆಯವರ ಮೇಲೆ ಬ್ರಿಟನ್ನಿನಲ್ಲಿ ನಡೆದ ಯುಕೆಪಿಡಿಎಸ್ ಎಂಬ ಅಧ್ಯಯನ. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಸಣ್ಣ ನಾಳಗಳ ತೊಂದರೆ ಶೇ 25 ಕಡಿಮೆ. ಬಿಪಿಯನ್ನು ಬಿಗಿಯಾಗಿ ಹಿಡಿದಾಗ ಶೇ 37 ಕಡಿಮೆ. ಸಾವಿರಾರು ಜನರನ್ನು ವರ್ಷಗಟ್ಟಲೆ ನೋಡಿ ಸಿಕ್ಕ ಲೆಕ್ಕ ಅದು.

ನಮ್ಮ ಚಿಕ್ಕಪ್ಪ ಎರಡು ವರ್ಷ ಅರಿಶಿನದ ಮಾತ್ರೆ ತಗೊಂಡರು. "ಕಣ್ಣಿಗೂ ಇದೇ ಕಾವಲು, ಸುಮ್ನೆ ಯಾಕೆ ಡಾಕ್ಟರ್ ಹತ್ರ ಹೋಗೋದು" ಎಂದು ಕಣ್ಣಿನ ತಪಾಸಣೆ ಬಿಟ್ಟುಬಿಟ್ಟರು. ನೋವಿಲ್ಲ, ಮಂಜಿಲ್ಲ, ಹಾಗಾಗಿ ನಾವೂ ಒತ್ತಾಯ ಮಾಡಲಿಲ್ಲ. ಒಂದು ಬೆಳಿಗ್ಗೆ ಬಲಗಣ್ಣಿನ ಮುಂದೆ ಕಪ್ಪು ಎಳೆಗಳು ತೇಲಿದವು. ರೆಟಿನಾದಲ್ಲಿ ರಕ್ತ ಸೋರಿತ್ತು. ಲೇಸರ್ ಮಾಡಿಸಿದೆವು, ಇದ್ದ ದೃಷ್ಟಿ ಉಳಿಯಿತು, ಹೋದದ್ದು ಬರಲಿಲ್ಲ.

ಈಗ ನಾಲ್ಕು ತಿಂಗಳಿಗೊಮ್ಮೆ ನಾನೇ ಕರೆದುಕೊಂಡು ಹೋಗಿ ಕಣ್ಣಿಗೆ ಹನಿ ಹಾಕಿಸಿ ತೋರಿಸಿಕೊಂಡು ಬರುತ್ತೇನೆ. ಬಿಪಿ ಮಾತ್ರೆ ತಪ್ಪಿಸುವುದಿಲ್ಲ. ಅರಿಶಿನ ಚಿಕ್ಕಮ್ಮನ ಸಾರಿನಲ್ಲಿ ಎಂದಿನಂತೆ ಇದೆ.