ಹನ್ನೊಂದು ಆಟೊವೈರ್ಡ್

ಬೆಳಗ್ಗೆ ಒಂದು ಕೋಡ್ ರಿವ್ಯೂಗೆ ಕೂತೆ. ಜಾವಾ ಕ್ಲಾಸ್ ತೆರೆದರೆ ಸಾಲಾಗಿ ಹನ್ನೊಂದು ಪ್ರೈವೇಟ್ ಫೀಲ್ಡ್. ಒಂದೊಂದರ ತಲೆಯ ಮೇಲೂ ಒಂದೊಂದು ಆಟೊವೈರ್ಡ್: 'ಇದನ್ನು ನೀನೇ ತುಂಬು' ಅಂತ ಸ್ಪ್ರಿಂಗ್ ಎಂಬ ಫ್ರೇಮ್‌ವರ್ಕಿಗೆ ಹೇಳುವ ಗುರುತು, ಅಂದರೆ ಅನೋಟೇಶನ್. ಆಬ್ಜೆಕ್ಟ್ ಹುಟ್ಟುವಾಗಲೇ ಬೇಕಾದ್ದನ್ನು ಕೇಳಿ ಪಡೆಯುವ ಕನ್‌ಸ್ಟ್ರಕ್ಟರ್ ಎಲ್ಲಿ ಅಂತ ಹುಡುಕಿದೆ. ಇಲ್ಲ.

"ಇವನ್ನೆಲ್ಲ ಕನ್‌ಸ್ಟ್ರಕ್ಟರ್‌ನಲ್ಲಿ ತಗೋಬಹುದಲ್ವಾ?" ಎಂದು ಕಾಮೆಂಟ್ ಹಾಕಿದೆ. "ಇದೂ ಡಿಪೆಂಡೆನ್ಸಿ ಇಂಜೆಕ್ಷನ್ನೇ ತಾನೇ" ಅಂತ ಉತ್ತರ ಬಂತು; ಕ್ಲಾಸಿಗೆ ಬೇಕಾದ್ದನ್ನು ಹೊರಗಿನಿಂದ ತಂದುಕೊಡುವುದಕ್ಕೆ ಆ ಹೆಸರು. ಜೊತೆಗೊಂದು ನಗುಮುಖ ಬೇರೆ. ಪಿತ್ತ ನೆತ್ತಿಗೇರಿದ್ದು ಆ ನಗುಮುಖ ನೋಡಿ.

ಹೌದು ಮಾರಾಯ, ಇದೂ ಇಂಜೆಕ್ಷನ್ನೇ. ಬಾಗಿಲು ತಟ್ಟಿ ಬಂದವನೂ ಮನೆಯೊಳಗೇ ಬಂದ, ಹೆಂಚು ತೆಗೆದು ಇಳಿದವನೂ ಮನೆಯೊಳಗೇ ಬಂದ. ಪ್ರೈವೇಟ್ ಅಂತ ನಾವೇ ಬೀಗ ಹಾಕಿದ ಫೀಲ್ಡಿಗೆ ಫ್ರೇಮ್‌ವರ್ಕು ರಿಫ್ಲೆಕ್ಷನ್ ಎಂಬ ಕಳ್ಳಕೀಲಿ ಹಿಡಿದು ನುಗ್ಗುತ್ತದೆ. ಸರಿ, ಫ್ರೇಮ್‌ವರ್ಕ್ ಇಲ್ಲದ ಕಡೆ? ಯೂನಿಟ್ ಟೆಸ್ಟಿನಲ್ಲಿ ಸುಮ್ನೆ ನ್ಯೂ ಅಂತ ಬರೆಯಿರಿ, ಆಬ್ಜೆಕ್ಟ್ ಆರಾಮಾಗಿ ಹುಟ್ಟುತ್ತದೆ. ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಮೆಥಡ್ ಕರೆದಾಗ ನಲ್ ಪಾಯಿಂಟರ್ ಎರರ್, ಫೀಲ್ಡ್ ಖಾಲಿ. ಕನ್‌ಸ್ಟ್ರಕ್ಟರ್ ಇದ್ದಿದ್ದರೆ ಬೇಕಾದ್ದನ್ನು ಕೊಡದೆ ಆ ಸಾಲು ಕಂಪೈಲೇ ಆಗುತ್ತಿರಲಿಲ್ಲ. ಫೀಲ್ಡನ್ನು ಫೈನಲ್ ಕೂಡ ಮಾಡಬಹುದಿತ್ತು, ಅಂದರೆ ಮತ್ತೆ ಬದಲಾಗದಂತೆ.

2004ರ ಜನವರಿಯಲ್ಲಿ ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ಹೆಸರಿನ ಬಗ್ಗೆ ಬರೆದಾಗ ಹೇಳಿದ್ದು ಮೂರೇ ಬಗೆ: ಕನ್‌ಸ್ಟ್ರಕ್ಟರ್, ಸೆಟರ್, ಇಂಟರ್‌ಫೇಸ್. ಜಾವಾಕ್ಕೆ ಆಗಿನ್ನೂ ಅನೋಟೇಶನ್ನೇ ಬಂದಿರಲಿಲ್ಲ. ಇಂಟರ್‌ಫೇಸ್ ಬಗೆಯನ್ನು ಈಗ ಕೇಳುವವರು ಕಡಿಮೆ. ಆಬ್ಜೆಕ್ಟ್ ಹುಟ್ಟಿದ ಮೇಲೆ ಬೇಕಾದ್ದನ್ನು ತುಂಬುವ ಸೆಟರ್ ಬಗ್ಗೆ ನನಗೆ ಜಗಳವಿಲ್ಲ. ಇದ್ದರೂ ಸರಿ, ಇಲ್ಲದಿದ್ದರೆ ಡೀಫಾಲ್ಟ್ ಇದೆ ಎನ್ನುವಂಥದ್ದಕ್ಕೆ ಅದೇ ಸರಿ. ಅದಿಲ್ಲದೆ ಕ್ಲಾಸಿಗೆ ಉಸಿರೇ ಆಡದ ರೆಪಾಸಿಟರಿಯನ್ನು (ಡೇಟಾ ತಂದುಕೊಡುವ ಭಾಗವನ್ನು) ಆಮೇಲೆ ತಂದುಕೊಡುತ್ತೇನೆ ಅಂದರೆ ಮಾತ್ರ ಸಿಟ್ಟು ಬರುತ್ತದೆ.

"ಹನ್ನೊಂದು ಪ್ಯಾರಾಮೀಟರ್ ಇರುವ ಕನ್‌ಸ್ಟ್ರಕ್ಟರ್ ನೋಡೋಕೆ ಅಸಹ್ಯ" ಅನ್ನುತ್ತೀರಿ, ಗೊತ್ತು. ಅಸಹ್ಯವೇ! ಕಾಣಲಿ ಅಂತಲೇ ಅದು ಅಲ್ಲಿರುವುದು. ಆ ಕ್ಲಾಸು ಸಿಕ್ಕಸಿಕ್ಕ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಂಡಿದೆ. ಆಟೊವೈರ್ಡ್ ಹಾಕಿದರೆ ಹನ್ನೆರಡನೆಯದನ್ನು ಸೇರಿಸುವಾಗಲೂ ಕೈ ನಡುಗುವುದಿಲ್ಲ. ಟೈಪ್ ಮಾಡುವುದು ಜಾಸ್ತಿ ಎನ್ನುವುದಂತೂ ಬಿಡಿ, ಕೋಡ್ ಬರೆಯಲು ನೆರವಾಗುವ ಐಡಿಇ ಇರುವುದು ಮತ್ಯಾಕೆ? ಒಂದೇ ಕನ್‌ಸ್ಟ್ರಕ್ಟರ್ ಇದ್ದರೆ ಅದಕ್ಕೆ ಆಟೊವೈರ್ಡ್ ಕೂಡ ಬೇಡ, ಸ್ಪ್ರಿಂಗ್ 4.3ರಿಂದಲೇ.

ನಾನೇನು ಸತ್ಯಹರಿಶ್ಚಂದ್ರನಲ್ಲ. ವರ್ಷಗಟ್ಟಲೆ ಹೀಗೇ ಬರೆದಿದ್ದೇನೆ, ಚೊಕ್ಕವಾಗಿ ಕಾಣುತ್ತದೆ ಅಂತ. ಒಂದು ಸಂಜೆ ಎರಡು ಸರ್ವೀಸ್‌ಗಳನ್ನು ಕನ್‌ಸ್ಟ್ರಕ್ಟರಿಗೆ ಬದಲಾಯಿಸಿದೆ. ಆ್ಯಪ್ ಏಳಲೇ ಇಲ್ಲ. ಇದಕ್ಕೆ ಅದು ಬೇಕು, ಅದಕ್ಕೆ ಇದು ಬೇಕು. ನಾನೇ ಕಟ್ಟಿದ ಗಂಟು. ಫೀಲ್ಡ್ ಇಂಜೆಕ್ಷನ್ ಅದನ್ನು ಅಷ್ಟು ದಿನ ಸದ್ದಿಲ್ಲದೆ ಮುಚ್ಚಿಟ್ಟಿತ್ತು. ಸ್ಪ್ರಿಂಗ್ ಬೂಟ್ 2.6 ಇಂಥ ಸುತ್ತುಗಳನ್ನು ತಾನಾಗಿಯೇ ತಡೆಯತೊಡಗಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು.

ಇದನ್ನು ಬರೆಯುತ್ತಿರುವಾಗಲೇ ಹೊಸ ಕಮಿಟ್ ಬಂತು. ಹನ್ನೊಂದು ಆಟೊವೈರ್ಡೂ ಮಾಯ. ಎಲ್ಲಾ ಫೀಲ್ಡೂ ಫೈನಲ್. ಕ್ಲಾಸಿನ ಮೇಲೆ, ಕನ್‌ಸ್ಟ್ರಕ್ಟರನ್ನು ತಾನೇ ಬರೆದುಕೊಡುವ ಲಾಂಬಾಕ್‌ನ ಒಂದು ಅನೋಟೇಶನ್. ಕನ್‌ಸ್ಟ್ರಕ್ಟರ್ ಈಗ ಇದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಕೆಳಗೆ ಅದೇ ನಗುಮುಖ.

ಅಪ್ರೂವ್ ಒತ್ತಿದೆ.