ನಾನೊಬ್ಬ ಸಾಲದೆಂದು ಮೂವರಾದೆ

ನನ್ನ ಡಿಜಿಟಲ್ ಪಿಯಾನೊದ ಹಿಂಬದಿಯಲ್ಲಿ ಒಂದು ತೂತಿದೆ. ಪಕ್ಕದಲ್ಲಿ 'ಮೈಕ್' ಅಂತ ಬರೆದಿದೆ. ಎರಡು ವರ್ಷ ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು ಇದ್ದೆವು. ಒಂದು ಭಾನುವಾರ ಸುಮ್ನೆ ಇರಲಾರದೆ ಮೈಕ್ ತಂದು ಸಿಕ್ಕಿಸಿದೆ.

ತಂದದ್ದು ಕಂಡೆನ್ಸರ್ ಮೈಕ್. ಅದಕ್ಕೆ 48 ವೋಲ್ಟಿನ ಫ್ಯಾಂಟಮ್ ಪವರ್, ಅಂದರೆ ಮೈಕಿನ ತಂತಿಯಲ್ಲೇ ಬರುವ ಕರೆಂಟು ಬೇಕು, ನನ್ನ ಪಿಯಾನೊ ಅದನ್ನು ಕೊಡುವುದಿಲ್ಲ. ಇದು ಗೊತ್ತಾಗುವ ಮೊದಲು ಅರ್ಧ ಗಂಟೆ 'ಹಲೋ ಹಲೋ' ಅಂದಿದ್ದೆ. ಆಮೇಲೆ ಆ ಕರೆಂಟು ಬೇಡದ ಡೈನಾಮಿಕ್ ಮೈಕ್ ಬಂತು. ಅದೂ ಮೂಗ. ಮೈಕಿನ ಸದ್ದು ಏರಿಸುವ ಗೇನ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಊಹೂಂ. ಮೈಕಿನ ಮೈಮೇಲೇ ಒಂದು ಸ್ವಿಚ್ ಇರುವುದು ಆಗ ಕಂಡಿತು. ಒತ್ತಿದೆ.

ಕುಂಯ್‌ಯ್‌ಯ್!

ಸ್ಪೀಕರಿನ ಸದ್ದು ಮೈಕಿಗೆ, ಮೈಕಿನದ್ದು ಮತ್ತೆ ಸ್ಪೀಕರಿಗೆ. ಸುತ್ತು ಬಂದಷ್ಟೂ ಕೊಬ್ಬುವ ಸದ್ದು ಅದು. ಗಾಬರಿಯಲ್ಲಿ ಮೈಕಿನ ಬಾಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿದೆ. ಮಗುವಿನ ಬಾಯಿ ಮುಚ್ಚಿದ ಹಾಗೆ. ಹಾಗೆ ಮುಚ್ಚಿದರೆ ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಳ್ಳಲು ಶುರುಮಾಡುತ್ತದೆ, ಕಿರುಚಾಟ ಇನ್ನೂ ಜಾಸ್ತಿಯಾಗುತ್ತದೆ. ಆಯಿತು.

ಗೇನ್ ಇಳಿಸಿ, ಸ್ಪೀಕರಿನಿಂದ ದೂರ ಸರಿದು, ಎಫೆಕ್ಟ್‌ಗಳಿಗೆ ಕೈಹಾಕಿದೆ. ರಿವರ್ಬ್, ಅಂದರೆ ಗೋಡೆಗಳ ನಡುವೆ ದನಿ ಗುಂಯ್‌ಗುಡುವ ಪರಿಣಾಮ, ಒಳ್ಳೆಯದು. ಬಚ್ಚಲಮನೆಯ ಗಾಯಕರ ಮಾನ ಕಾಯುವಂಥದ್ದು. ಅಲ್ಲಿಗೇ ನಿಲ್ಲಿಸಬೇಕಿತ್ತು, ಅಲ್ವಾ? ಎಕೋ ಹಾಕಿದೆ, 400 ಮಿಲಿಸೆಕೆಂಡು. ನಾನು ಹಾಡಿದ್ದೆಲ್ಲ ಮಾಡಿದ್ದುಣ್ಣೋ ಮಹರಾಯ ಅಂತ ವಾಪಸ್ ಬರತೊಡಗಿತು. ಅದು ಮುಗಿಯಲಿ ಅಂತ ನಾನು ಕಾದೆ. ನಾನು ಕಾದಷ್ಟೂ ಪಿಯಾನೊ ನುಡಿಸುವ ಕೈ ನಿಧಾನವಾಯಿತು. ಎರಡು ನಿಮಿಷದ ಹಾಡು ನಾಲ್ಕಾಯಿತು.

ನಿಜವಾದ ಮಜಾ ಇದ್ದದ್ದು ಹಾರ್ಮನಿಯಲ್ಲಿ. ಎಡಗೈಯಲ್ಲಿ ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಚ್ಛ, ಹಿಡಿದರೆ ಸಾಕು, ಯಂತ್ರ ನನ್ನದೇ ದನಿಯಿಂದ ಇನ್ನೆರಡು ದನಿ ಹುಟ್ಟಿಸಿ ಆ ಕಾರ್ಡಿಗೆ ಕೂರಿಸುತ್ತದೆ. ಮೂವರು ನಾನು! ಸಿ ಮೇಜರ್ ಹಿಡಿದು ಖುಷಿಯ ಹಾಡು ಎತ್ತಿಕೊಂಡೆ. ನಡುವೆ ಬೆರಳು ಇ ಸ್ವರದ ಕೀಲಿಯಿಂದ ಪಕ್ಕದ ಕಪ್ಪು ಕೀಲಿಗೆ ಜಾರಿತು. ನಗುವಂತಿದ್ದ ಸಿ ಮೇಜರ್ ದುಃಖದ ಸಿ ಮೈನರ್ ಆಯಿತು. ಜಾರಿದ್ದು ಒಂದು ಬೆರಳು, ಅತ್ತಿದ್ದು ಮೂರು ಜನ.

ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು. "ಮೇಲಿನವನು, ಕೆಳಗಿನವನು ಪರವಾಗಿಲ್ಲ. ಆ ಮಧ್ಯದವನು ಯಾರು?"

ಮಧ್ಯದವನೇ ನಾನು. ಯಂತ್ರ ಹುಟ್ಟಿಸಿದ ಇಬ್ಬರೂ ಕಾರ್ಡಿನ ಸ್ವರಕ್ಕೆ ಸರಿಯಾಗಿ ನಿಲ್ಲುತ್ತಾರೆ. ತಪ್ಪುವ ಸ್ವಾತಂತ್ರ್ಯ ನನಗೊಬ್ಬನಿಗೇ.

ಅವಮಾನ ತಾಳಲಾರದೆ ಹೆಡ್‌ಫೋನ್ ಹಾಕಿಕೊಂಡೆ. ಸ್ಪೀಕರ್ ಬಂದ್. ಕಿವಿಯೊಳಗೆ ದೊಡ್ಡ ಸಭಾಂಗಣ, ಹದವಾದ ಎಕೋ, ಅಕ್ಕಪಕ್ಕದಲ್ಲಿ ಇಬ್ಬರು ಜೊತೆಗಾರರು. ಯಾರಿಗೂ ತೊಂದರೆಯಿಲ್ಲ ಅಂತ ಕಣ್ಣು ಮುಚ್ಚಿ, ಎದೆ ಬಿಚ್ಚಿ, ಒಂದು ಗಂಟೆ ಹಾಡಿದೆ.

ಕಣ್ಣು ಬಿಟ್ಟಾಗ ಮಗ ಮೊಬೈಲ್ ಹಿಡಿದು ನಿಂತಿದ್ದ. ರೆಕಾರ್ಡ್ ಮಾಡಿದ್ದನ್ನು ಕೇಳಿಸಿದ. ಪಿಯಾನೊ ಇಲ್ಲ, ಸಭಾಂಗಣ ಇಲ್ಲ, ಜೊತೆಗಾರರೂ ಇಲ್ಲ. ಕೀಲಿಗಳ ಟಕಟಕ. ಅದರ ಮೇಲೆ, ಬಟ್ಟೆಯಿಲ್ಲದೆ ಬೀದಿಗೆ ಬಂದಂತೆ, ನನ್ನ ಬರಿ ದನಿ.

ಅದೀಗ ಅವನ ಮೊಬೈಲಿನ ಅಲಾರಂ. ಮೂರು ಸಲ ಕೂಗಿದರೂ ಏಳದವನು ಈಗ ಮೊದಲ ಸಾಲು ಮುಗಿಯುವ ಮೊದಲೇ ಎದ್ದು ಕೂರುತ್ತಾನೆ.