ಟೋಕಿಯೋದ ‘ಹಾಯ್’ ಒಪ್ಪಿಗೆಯಲ್ಲ

ವ್ಯವಹಾರಕ್ಕೆಂದು ಹೊರದೇಶಕ್ಕೆ ಹೊರಟವರ ಕಿವಿಯಲ್ಲಿ ಎಲ್ಲರೂ ಊದುವ ಮಂತ್ರ ಒಂದೇ: ಜಪಾನಿನಲ್ಲಿ ತಲೆ ಬಾಗಿಸಿ, ಅರಬರ ಮುಂದೆ ಬಲಗೈ ಬಳಸಿ, ಜರ್ಮನಿಯಲ್ಲಿ ತಡ ಮಾಡಬೇಡಿ. ಮೂರೂ ಸರಿಯೇ. ಆದರೆ ಅತಿಥಿ ಎಷ್ಟು ಬಾಗಿದ ಅಂತ ಯಾರೂ ಕೋನಮಾಪಕ ಹಿಡಿದು ಕೂತಿರುವುದಿಲ್ಲ. ಅಂಥ ತಪ್ಪಿಗೆ ನಕ್ಕು ಸುಮ್ಮನಾಗುತ್ತಾರೆ. ನಿಜಕ್ಕೂ ದುಬಾರಿಯಾಗುವ ತಪ್ಪು ಬೇರೆಯೇ ಇದೆ: ಎದುರಿನವರು ಒಪ್ಪಿದರೋ ಇಲ್ಲವೋ ಅನ್ನುವುದನ್ನೇ ತಿಳಿಯದೆ ವಿಮಾನ ಹತ್ತುವುದು.

ಜಪಾನಿ ಭಾಷೆಯ ‘ಹಾಯ್’ಗೆ ನಿಘಂಟಿನಲ್ಲಿ ‘ಹೌದು’ ಎಂಬ ಅರ್ಥವಿದೆ. ಸಭೆಯಲ್ಲಿ ಅದು ಬಹಳ ಸಲ ‘ಹೂಂ, ಹೇಳಿ, ಕೇಳ್ತಾ ಇದ್ದೀನಿ’ ಅನ್ನುವುದಕ್ಕಿಂತ ಹೆಚ್ಚೇನಲ್ಲ. ‘ಕೆನ್ತೋ ಶಿಮಾಸು’, ಅಂದರೆ ‘ಪರಿಶೀಲಿಸುತ್ತೇವೆ’ ಎಂದು ಹೇಳಿ, ಯಾವಾಗ, ಯಾರು ಅನ್ನುವುದನ್ನು ಹೇಳದಿದ್ದರೆ ಹೆಚ್ಚಾಗಿ ಅದು ಬೇಡ ಎಂದೇ. ಹಲ್ಲಿನ ನಡುವೆ ಗಾಳಿ ಎಳೆದುಕೊಂಡು ‘ಚೊತ್ತೊ...’, ಅಂದರೆ ‘ಸ್ವಲ್ಪ...’ ಅಂತ ಅರ್ಧಕ್ಕೆ ನಿಲ್ಲಿಸಿದರಂತೂ ಮಾತು ಮುಗಿದ ಹಾಗೆ. ಇನ್ನು ಮೌನದ ವಿಷಯ. ಹೊಸಬರು ಎಡವುವುದು ಇಲ್ಲೇ. ಮೌನ ಸಹಿಸಲಾಗದೆ ತಾವಾಗಿಯೇ ಬೆಲೆ ಇಳಿಸಿಬಿಡುತ್ತಾರೆ. ಎದುರಿನವರು ಯೋಚಿಸುತ್ತಿದ್ದರು, ಅಷ್ಟೆ.

ಸಭೆಯಲ್ಲೇ ಸಹಿ ಕೇಳಬಾರದು ಅನ್ನುವುದಕ್ಕೂ ಕಾರಣವಿದೆ. ಅಲ್ಲಿನ ಕಂಪನಿಗಳಲ್ಲಿ ‘ನೆಮವಾಶಿ’ ಎಂಬ ಪದ್ಧತಿಯುಂಟು. ಮರವನ್ನು ಕಿತ್ತು ಬೇರೆಡೆ ನೆಡುವ ಮೊದಲು ಬೇರಿನ ಸುತ್ತ ಅಗೆದು ಹದ ಮಾಡುವ ಕೆಲಸದ ಹೆಸರು ಅದು. ಸಭೆಗೆ ಮುನ್ನವೇ ಒಬ್ಬೊಬ್ಬರನ್ನಾಗಿ ಕಂಡು ಒಪ್ಪಿಸಿ, ‘ರಿಂಗಿ’ ಎಂಬ ಕಾಗದ ವಿಭಾಗದಿಂದ ವಿಭಾಗಕ್ಕೆ ಸುತ್ತಿ ಮೊಹರು ಬಿದ್ದ ಮೇಲೆಯೇ ತೀರ್ಮಾನ ಗಟ್ಟಿಯಾಗುವುದು. ಹಾಗಾಗಿ ಪ್ರಸ್ತಾವ, ಬೆಲೆಪಟ್ಟಿಗಳನ್ನು ಜಪಾನಿ ಅನುವಾದದೊಂದಿಗೆ ಮೊದಲೇ ಕಳಿಸಬೇಕು, ಕೆಳಹಂತದ ಅಧಿಕಾರಿಗಳ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸಬೇಕು. ರಿಂಗಿ ಕಾಗದ ಹೊರಡುವುದು ಅವರ ಮೇಜಿನಿಂದ.

ವಿಸಿಟಿಂಗ್ ಕಾರ್ಡಿನ ಉಪಚಾರವನ್ನು ನಾಟಕ ಅಂತ ಆಡಿಕೊಳ್ಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾರ್ಡಿನಲ್ಲಿ ಹುದ್ದೆ ಇರುತ್ತದೆ, ಯಾರ ಜೊತೆ ಎಷ್ಟು ಮರ್ಯಾದೆಯ ಭಾಷೆ ಬಳಸಬೇಕೆಂಬುದು ಹುದ್ದೆಯ ಮೇಲೆ ನಿಂತಿದೆ. ಎದ್ದು ನಿಂತು, ಅಕ್ಷರ ಅವರ ಕಡೆಗೆ ತಿರುಗುವಂತೆ ಎರಡೂ ಕೈಯಲ್ಲಿ ಕೊಡಿ. ಬಂದದ್ದನ್ನು ಓದಿ, ಅವರು ಕೂತ ಕ್ರಮದಲ್ಲೇ ಮೇಜಿನ ಮೇಲೆ ಜೋಡಿಸಿಡಿ. ಅವರೆದುರು ಅದರ ಮೇಲೆ ಏನನ್ನೂ ಗೀಚಬೇಡಿ, ಪ್ಯಾಂಟಿನ ಹಿಂಜೇಬಿಗಂತೂ ತುರುಕಲೇಬೇಡಿ. ಬಾಗಿಲಿನಿಂದ ದೂರದ ಕುರ್ಚಿ ಗೌರವದ್ದು. ಅದು ಸಾಮಾನ್ಯವಾಗಿ ಅತಿಥಿಗೇ ಮೀಸಲು, ಆದರೂ ತೋರಿಸುವವರೆಗೆ ಕಾಯುವುದು ಚೆಂದ.

ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ಕಿವಿಯನ್ನು ಪೂರ್ತಿ ಉಲ್ಟಾ ಶ್ರುತಿ ಮಾಡಿಕೊಳ್ಳಬೇಕು. ಕೂತ ಹತ್ತೇ ನಿಮಿಷಕ್ಕೆ ‘ನಿಮ್ಮ ಲೆಕ್ಕ ತಪ್ಪು’ ಅಂದರೆ ಅವಮಾನ ಅಂದುಕೊಳ್ಳಬೇಡಿ. ಕಾಗದ ಓದಿದ್ದಾರೆ, ಆಸಕ್ತಿಯಿದೆ ಎಂದೇ ತಿಳಿಯಿರಿ. ಬ್ರಿಟಿಷರು ನಯವಾಗಿ ‘ವೆರಿ ಇಂಟರೆಸ್ಟಿಂಗ್’ ಅಂದು ಸುಮ್ಮನಾದರೆ ಮಾತ್ರ ಸ್ವಲ್ಪ ಅನುಮಾನ ಇರಲಿ. ಬಲ್ಗೇರಿಯಾದ್ದು ಇನ್ನೊಂದು ತಮಾಷೆ: ‘ಇಲ್ಲ’ ಅನ್ನಲು ತಲೆ ಮೇಲಕ್ಕೆತ್ತುತ್ತಾರೆ, ‘ಹೌದು’ ಅನ್ನಲು ಅಡ್ಡಡ್ಡ ಆಡಿಸುತ್ತಾರೆ. ಪರದೇಶದವರ ಜೊತೆ ಕೆಲವರು ಇದನ್ನು ತಿರುಗಿಸಿಯೂ ಬಿಡುವುದರಿಂದ, ಬಾಯಲ್ಲಿ ‘ದಾ’ (ಹೌದು) ಅಥವಾ ‘ನೇ’ (ಇಲ್ಲ) ಕೇಳುವ ತನಕ ತಲೆಯನ್ನು ನಂಬುವಂತಿಲ್ಲ.

ಕೊಲ್ಲಿ ದೇಶಗಳಲ್ಲಿ ‘ಇನ್‌ಶಾ ಅಲ್ಲಾ’ (ದೇವರ ಇಚ್ಛೆಯಿದ್ದರೆ) ಕೇಳಿ ಸಿಡಿಮಿಡಿಗೊಳ್ಳುವುದರಲ್ಲಿ ಅರ್ಥವಿಲ್ಲ. ಅದರ ಬೆನ್ನಿಗೆ ಒಂದು ತಾರೀಕು, ಒಬ್ಬರ ಹೆಸರು ಬಂತೇ ನೋಡಿ. ಬಂದರೆ ಕೆಲಸ ನಡೆಯುತ್ತಿದೆ. ಕಾಫಿ ಕೊಟ್ಟಾಗ ಮೊದಲ ಬಟ್ಟಲನ್ನು ಬೇಡವೆನ್ನಬೇಡಿ, ಬಲಗೈಯಲ್ಲಿ ತೆಗೆದುಕೊಳ್ಳಿ. ಸಾಕೆನಿಸಿದಾಗ ಬಟ್ಟಲನ್ನು ಮೆಲ್ಲಗೆ ಅತ್ತಿತ್ತ ಅಲ್ಲಾಡಿಸಬೇಕು, ಇಲ್ಲವಾದರೆ ಸುರಿಯುತ್ತಲೇ ಇರುತ್ತಾರೆ. ಮಹಿಳೆಯರು ತಾವಾಗಿ ಕೈ ಚಾಚಿದರಷ್ಟೇ ಕೈಕುಲುಕಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ ಪ್ರವಾಸ ಕೆಡಿಸುವುದು ವಾರದ ರಜೆ. ಸೌದಿಯಲ್ಲಿ 2013ರಿಂದ ಶುಕ್ರವಾರ, ಶನಿವಾರ ರಜೆ. ಯುಎಇ ಸರ್ಕಾರ 2022ರ ಜನವರಿಯಿಂದ ಶನಿವಾರ, ಭಾನುವಾರಕ್ಕೆ ಬದಲಾಯಿಸಿ ಶುಕ್ರವಾರವನ್ನು ಅರ್ಧ ದಿನ ಮಾಡಿದೆ. ರಿಯಾದ್, ದುಬೈ ಎರಡನ್ನೂ ಒಂದೇ ಪ್ರಯಾಣದಲ್ಲಿ ಮುಗಿಸುವುದಾದರೆ ಎರಡೂ ಕಡೆ ಪೂರ್ತಿ ಕೆಲಸದ ದಿನಗಳು ಸೋಮವಾರದಿಂದ ಗುರುವಾರದವರೆಗೆ ಮಾತ್ರ.

ಉಡುಗೊರೆಯಲ್ಲಿ ಗಡಿಯಾರವನ್ನು ಚೀನಾಕ್ಕೆ ಒಯ್ಯಬೇಡಿ. ‘ಗಡಿಯಾರ ಕೊಡು’ ಅನ್ನುವುದು ಅವರ ಭಾಷೆಯಲ್ಲಿ ಅಂತ್ಯಸಂಸ್ಕಾರದ ಮಾತಿನಂತೆಯೇ ಕೇಳಿಸುತ್ತದೆ. ಉಡುಗೊರೆಯ ಬೆಲೆ ಜಾಸ್ತಿಯಾದರೆ ಅದು ಲಂಚ ಎನಿಸಬಹುದಾದ ಇನ್ನೊಂದು ತಲೆನೋವು. ಅಮೆರಿಕದ 1977ರ ಕಾನೂನು, ಬ್ರಿಟನ್ನಿನ 2010ರ ಲಂಚ ತಡೆ ಕಾನೂನು ದೇಶದ ಗಡಿಯಾಚೆಗೂ ಕೈ ಚಾಚುತ್ತವೆ. ನಿಮ್ಮ ಕಂಪನಿ, ಅವರ ಕಂಪನಿ ಎರಡರಲ್ಲೂ ಉಡುಗೊರೆಯ ಮಿತಿ ಎಷ್ಟೆಂದು ಮೊದಲೇ ಕೇಳಿಕೊಳ್ಳಿ.

ಎಲ್ಲೇ ಹೋಗಲಿ, ‘ನಿಮಗೆ ಒಪ್ಪಿಗೆಯೇ?’ ಎಂಬ ಪ್ರಶ್ನೆಯನ್ನೇ ಕೈಬಿಡಿ. ಇಲ್ಲ ಅನ್ನಲು ಮುಜುಗರಪಡುವವರು ಅದಕ್ಕೂ ಹೌದೆನ್ನುತ್ತಾರೆ. ‘ಇದನ್ನು ಇನ್ನು ಯಾರು ನೋಡಬೇಕು? ಅವರಿಗೆ ಯಾವ ಕಾಗದ ಬೇಕು? ಎಷ್ಟು ದಿನ ಹಿಡಿಯುತ್ತದೆ?’ ಎಂದು ಕೇಳಿ. ದುಭಾಷಿ ಇದ್ದರೆ ಎರಡೆರಡೇ ವಾಕ್ಯ ಹೇಳಿ ನಿಲ್ಲಿಸಿ, ದುಭಾಷಿಯನ್ನು ಬಿಟ್ಟು ಎದುರಿನವರನ್ನೇ ನೋಡಿ ಮಾತಾಡಿ. ಒಂದು ಗಂಟೆಯ ಸಭೆಯಲ್ಲಿ ಸಿಗುವುದು ಅರ್ಧ ಗಂಟೆಯ ಮಾತು ಮಾತ್ರ. ಅದೇ ದಿನ ಐದಾರು ಸಾಲಿನ ಮೇಲ್ ಕಳಿಸಿ. ಅದರಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ, ಏಕೆಂದರೆ 03/04 ಎಂಬುದು ಅಮೆರಿಕದವರಿಗೆ ಮಾರ್ಚ್ 4, ಬ್ರಿಟನ್ನಿನವರಿಗೆ ಏಪ್ರಿಲ್ 3.